ಮೊದಲು ಬೆರಳು, ಕೊನೆಗೆ ಹಣ: ದೊಡ್ಡವರಿಗೆ ಮೊಬೈಲ್ ಕಲಿಸುವ ಸಮಗ್ರ ಮಾರ್ಗದರ್ಶಿ

ಮುಂಬೈ, ಪುಣೆಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರಿಗೆ ಮೊಬೈಲ್ ಹೇಳಿಕೊಡಲು ಹೊರಟ ಸ್ವಯಂಸೇವಕರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ಹಣ ಕಳಿಸುವ ಆ್ಯಪ್ ತೆರೆಸುತ್ತಾರೆ. ಎದುರಿನವರು ತಡವರಿಸಿದರೆ ಫೋನ್ ಇಸಿದುಕೊಂಡು ತಾವೇ ಒತ್ತಿ ತೋರಿಸುತ್ತಾರೆ. ತರಗತಿಯಲ್ಲಿ ಎಲ್ಲ ಬಂದಂತೆ ಕಾಣುತ್ತದೆ, ಖೋಲಿಗೆ ಹೋದರೆ ಏನೂ ಬರುವುದಿಲ್ಲ.

ಕೆಳಗಿನ ಕ್ರಮದಲ್ಲಿ ಬೆರಳು ಮೊದಲು, ಅಂಕಿ ಎರಡನೆಯದು. ಆಮೇಲೆ ಮಾತು, ಅಕ್ಷರ, ಕೊನೆಗೆ ಹಣ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂಕಾಲು ಗಂಟೆಯಂತೆ 12ರಿಂದ 14 ತರಗತಿ ಬೇಕಾಗುತ್ತದೆ. ಅವಸರ ಮಾಡಿ 6 ತರಗತಿಯಲ್ಲಿ ಮುಗಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

## ಕೂರುವ ಮೊದಲು ಬೇಕಾದದ್ದು

ಒಬ್ಬ ಕಲಿಸುವವರಿಗೆ 4 ಜನ, ಹೆಚ್ಚೆಂದರೆ 5 ಜನ. ಅದಕ್ಕಿಂತ ಹೆಚ್ಚಾದರೆ ಹಿಂದೆ ಕೂತವರು ನೋಡುವವರಾಗಿ ಉಳಿಯುತ್ತಾರೆ, ಮಾಡುವವರಾಗುವುದಿಲ್ಲ.

ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದು, ಟೈಪ್-ಸಿ ಮತ್ತು ಹಳೆಯ ಮೈಕ್ರೋ ಪಿನ್ ಎರಡೂ ಬಗೆಯ ಚಾರ್ಜರ್, ಪರದೆ ಒರೆಸಲು ಹತ್ತಿಬಟ್ಟೆ, ದಪ್ಪ ಸ್ಕೆಚ್ ಪೆನ್, ಅಂಗೈ ಅಗಲದ ರಟ್ಟಿನ ಚೀಟಿಗಳು. ಬ್ಯಾಂಕ್ ಖಾತೆ ಜೋಡಿಸದ ಹಳೆಯ ಸ್ಮಾರ್ಟ್‌ಫೋನ್ ಒಂದೆರಡು ಇರಲಿ. ಮನೆಗೆಲ್ಲ ಒಂದೇ ಫೋನ್, ಅದೂ ಗಂಡನ ಅಥವಾ ಮಗನ ಕಿಸೆಯಲ್ಲಿ, ಎನ್ನುವ ಹೆಣ್ಣುಮಕ್ಕಳು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗೆ ಕೈಗೆ ಫೋನ್ ಕೊಡದೆ ಪಾಠ ಹೇಳಿದರೆ ಏನೂ ಉಳಿಯುವುದಿಲ್ಲ.

ಹೊತ್ತನ್ನು ಅವರ ಕೆಲಸ ನೋಡಿ ಗೊತ್ತುಮಾಡಿ. ಮನೆಗೆಲಸದವರಿಗೆ ಮಧ್ಯಾಹ್ನ 2ರಿಂದ 4, ಹೋಟೆಲಿನವರಿಗೆ ಊಟದ ಗದ್ದಲ ಮುಗಿದ ಮೇಲೆ, ನಾಕಾದಲ್ಲಿ ನಿಂತು ಕೆಲಸ ಹಿಡಿಯುವವರಿಗೆ ರಾತ್ರಿ 8ರ ನಂತರ.

## ಹಂತ 1: ಫೋನನ್ನು ಹದಕ್ಕೆ ತರುವುದು

ಮೊದಲ ತರಗತಿ ಪೂರ್ತಿ ಇದಕ್ಕೇ ಹೋಗಲಿ. ಬಟನ್ ಎಲ್ಲಿದೆ ಎಂದು ನೀವು ಬೆರಳು ತೋರಿಸಿ, ಒತ್ತುವವರು ಅವರೇ.

ಜಾಗ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. 1 ಜಿಬಿಗಿಂತ ಕಡಿಮೆ ಖಾಲಿ ಇದ್ದರೆ ಫೋನ್ ಸಿಕ್ಕಿಕೊಳ್ಳುತ್ತದೆ, ಕಲಿಯುವವರು ತಪ್ಪು ತಮ್ಮದೇ ಎಂದುಕೊಂಡು ಹೆದರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ, ಫೋಟೋ ತಾನಾಗಿಯೇ ಇಳಿಯುವುದನ್ನು ಬಂದ್ ಮಾಡಿಸಿ.

ಮೂರು ಬಟನ್. ಬೆರಳು ಸರಿಸಿ ಹಿಂದಕ್ಕೆ ಹೋಗುವ ಗೆಸ್ಚರ್ ವ್ಯವಸ್ಥೆ ಹೊಸಬರಿಗೆ ಬೇಡ. ನ್ಯಾವಿಗೇಷನ್ ಸೆಟ್ಟಿಂಗ್‌ನಲ್ಲಿ ಮೂರು ಬಟನ್ ಆರಿಸಿ. ಒಂದು ಎಚ್ಚರ: ಹಲವು ಫೋನ್‌ಗಳಲ್ಲಿ ಹಿಂದಕ್ಕೆ ಹೋಗುವ ಬಟನ್ ಎಡಕ್ಕಿದ್ದರೆ ಸ್ಯಾಮ್‌ಸಂಗ್‌ನಲ್ಲಿ ಸಾಮಾನ್ಯವಾಗಿ ಬಲಕ್ಕಿರುತ್ತದೆ. "ಎಡಗಡೆದು ಒತ್ರಿ" ಎಂದರೆ ಅರ್ಧ ತರಗತಿ ದಾರಿ ತಪ್ಪುತ್ತದೆ. ಆಕಾರದ ಹೆಸರೇ ಹೇಳಿ: ಬಾಣದ ತುದಿಯಂಥದ್ದು ಹಿಂದಕ್ಕೆ, ನಡುವಿನದು ಮನೆ.

ಅಕ್ಷರದ ಗಾತ್ರ. ಅತಿ ದೊಡ್ಡದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಡಿ. ಕನ್ನಡದ ಪದಗಳು ಉದ್ದ. ಪೂರ್ತಿ ದೊಡ್ಡದು ಮಾಡಿದರೆ "ಮುಂದುವರಿಯಿರಿ" ಎಂಬುದು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಕೆಲವು ಬಟನ್ ಪರದೆಯ ಆಚೆಗೇ ಜಾರುತ್ತವೆ.

ಪರದೆ ಆರುವ ಹೊತ್ತು. 30 ಸೆಕೆಂಡ್ ಇದ್ದರೆ 2 ನಿಮಿಷಕ್ಕೆ ಏರಿಸಿ. ನಿಧಾನಕ್ಕೆ ಓದುವವರ ಮುಂದೆ ಪರದೆ ಕಪ್ಪಾದರೆ ಏನೋ ಕೆಟ್ಟಿತು ಎಂದೇ ಭಾವಿಸುತ್ತಾರೆ. ಪರದೆ ಅಡ್ಡ ತಿರುಗುವುದನ್ನೂ ಬಂದ್ ಮಾಡಿಸಿ.

ಭಾಷೆ. ಇಡೀ ಫೋನನ್ನು ಕನ್ನಡಕ್ಕೆ ಬದಲಿಸುವುದು ಸರಿ ಎನಿಸುತ್ತದೆ, ಆದರೆ ಮನೆಯಲ್ಲಿ ಸಹಾಯ ಮಾಡುವ ಮಗ ಅಥವಾ ಮಗಳು ಮರಾಠಿ ಇಲ್ಲವೇ ಹಿಂದಿ ಶಾಲೆಯಲ್ಲಿ ಓದಿದವರು. ಕನ್ನಡ ಓದಲಾರದೆ ಅದೇ ರಾತ್ರಿ ಹಿಂದಕ್ಕೆ ಬದಲಿಸಿಬಿಡುತ್ತಾರೆ. ಆದ್ದರಿಂದ ಫೋನಿನ ಭಾಷೆ ಇದ್ದಂತೆ ಇರಲಿ. ವಾಟ್ಸ್ಆ್ಯಪ್ ಮತ್ತು ಹಣದ ಆ್ಯಪ್ ಒಳಗಿನ ಭಾಷೆಯನ್ನಷ್ಟೇ ಕನ್ನಡ ಮಾಡಿ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲೇ ಆ್ಯಪ್ ಭಾಷೆಯ ಆಯ್ಕೆ ಇದೆ. ಫೋನ್‌ಪೇ, ಗೂಗಲ್ ಪೇ, ಭೀಮ್ ಮೂರರಲ್ಲೂ ಕನ್ನಡ ಸಿಗುತ್ತದೆ.

## ಹಂತ 2: ಬೆರಳು

ಸಿಮೆಂಟು, ಸುಣ್ಣ, ಸೋಪಿನ ನೀರಿನಲ್ಲಿ ವರ್ಷಗಟ್ಟಲೆ ದುಡಿದ ಬೆರಳಿನ ತುದಿ ಒಣಗಿ ಗಟ್ಟಿಯಾಗಿರುತ್ತದೆ. ಪರದೆ ಗುರುತಿಸುವುದು ಚರ್ಮದ ಮೂಲಕ ಹಾಯುವ ಅತಿ ಸಣ್ಣ ವಿದ್ಯುತ್ತನ್ನು. ಒಣ ಚರ್ಮ ಅದನ್ನು ಸರಿಯಾಗಿ ದಾಟಿಸುವುದಿಲ್ಲ. ಮುಟ್ಟಿದ್ದು ಹತ್ತದಿದ್ದಾಗ ಅವರು ಇನ್ನೂ ಜೋರಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಆಗ ಫೋನ್ ಅದನ್ನು "ಒತ್ತಿ ಹಿಡಿದದ್ದು" ಎಂದು ತಿಳಿದು ಬೇರೆಯೇ ಪಟ್ಟಿ ತೆರೆಯುತ್ತದೆ, ಐಕಾನ್ ಜಾಗ ಬಿಟ್ಟು ಕದಲುತ್ತದೆ. ಮೊಬೈಲ್ ತಲೆಗೆ ಹತ್ತುತ್ತಿಲ್ಲ ಎನ್ನುವವರಲ್ಲಿ ಬಹಳ ಮಂದಿಗೆ ಇರುವ ತೊಡಕು ತಲೆಯದಲ್ಲ, ಚರ್ಮದ್ದು.

1. ಒದ್ದೆ ಬಟ್ಟೆಗೆ ಬೆರಳು ಒಮ್ಮೆ ತಾಗಿಸಿ, ಒರೆಸಿ. ತೊಟ್ಟಿಕ್ಕುವಷ್ಟು ನೀರು ಬೇಡ.
2. ಉಗುರಿನ ತುದಿಯಲ್ಲ, ಹೆಬ್ಬೆಟ್ಟು ಒತ್ತುವಾಗ ಮಸಿ ಹತ್ತುವ ಆ ಮೆತ್ತಗಿನ ಭಾಗ ತಾಗಬೇಕು.
3. ಅಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ, ಎಷ್ಟು ಹೊತ್ತು ಒತ್ತಿದರೆ "ಹಿಡಿದದ್ದು" ಎಂಬ ಆಯ್ಕೆ ಇದೆ. ಅದನ್ನು ದೀರ್ಘಕ್ಕೆ ಹೊಂದಿಸಿ.
4. ಪರದೆಯ ಮೇಲಿನ ಒಡೆದ ಗಾಜಿನ ಹೊದಿಕೆ ತೆಗೆಸಿ. ಗಾಳಿಗುಳ್ಳೆ ಎದ್ದ ಕಡೆ ಸ್ಪರ್ಶ ಹತ್ತುವುದಿಲ್ಲ.

ಆಮೇಲೆ ಒಂದೇ ಮಾತು ಹತ್ತಾರು ಸಲ ಹೇಳಬೇಕಾಗುತ್ತದೆ: "ಅಕ್ಕಾ, ಒತ್ತಿ ಹಿಡೀಬ್ಯಾಡ್ರಿ, ಮುಟ್ಟಿ ಬಿಡ್ರಿ." ಅಭ್ಯಾಸಕ್ಕೆ ಕ್ಯಾಲ್ಕ್ಯುಲೇಟರ್ ಒಳ್ಳೆಯದು. ಅಲ್ಲಿ ತಪ್ಪು ಒತ್ತಿದರೆ ಏನೂ ಕಳೆದುಹೋಗುವುದಿಲ್ಲ.

ಈ ಹಂತದಲ್ಲೇ ವಾಪಸ್ ಬರುವುದನ್ನು ಕಲಿಸಿ. ಯಾವುದೋ ಆ್ಯಪ್ ಒಳಗೆ ನೀವೇ ಅವರನ್ನು ಬೇಕೆಂದೇ ದಾರಿ ತಪ್ಪಿಸಿ, "ಈಗ ಮನಿಗೆ ಬರ್ರಿ" ಎನ್ನಿ. ಹಿಂದಕ್ಕೆ, ಹಿಂದಕ್ಕೆ, ಮನೆ. ಇಪ್ಪತ್ತು ಸಲ. ದಾರಿ ತಪ್ಪಿದರೂ ಮನೆಗೆ ಬರಬಲ್ಲೆ ಎಂಬ ಧೈರ್ಯ ಬಂದವರಿಗೆ ಮುಂದಿನದೆಲ್ಲ ಅರ್ಧ ಹಗುರ.

## ಹಂತ 3: ಅಂಕಿ

ಮುಂಬೈ, ಪುಣೆಯ ಕನ್ನಡಿಗರ ಕಣ್ಣಿಗೆ ಮೂರು ಬಗೆಯ ಅಂಕಿ ಬೀಳುತ್ತದೆ. ಊರಲ್ಲಿ ಪಾಟಿ ಹಿಡಿದಿದ್ದರೆ ಕನ್ನಡದ ೧, ೨, ೩. ಬಸ್ಸಿನ ಮುಂದಿನ ಫಲಕದಲ್ಲಿ ದೇವನಾಗರಿ. ಫೋನಿನಲ್ಲಿ 1, 2, 3. ದೇವನಾಗರಿಯ ಒಂದು ಫೋನಿನ 9ರಂತೆ, ಅದರ ನಾಲ್ಕು 8ರಂತೆ ಕಾಣುತ್ತದೆ. ಕನ್ನಡದ ೪ ಕೂಡ 8ರ ಹತ್ತಿರವೇ. ಓಟಿಪಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಮೂರೂ ಬಗೆಯನ್ನು ಒಂದರ ಕೆಳಗೊಂದು ಬರೆದ ರಟ್ಟು ಪ್ರತಿಯೊಬ್ಬರ ಕೈಯಲ್ಲಿರಲಿ.

ಓದುವಾಗ ಬಿಡಿಬಿಡಿಯಾಗಿಯೇ ಓದಿಸಿ. 25 ಎಂಬುದನ್ನು ಮನೆಯಲ್ಲಿ "ಇಪ್ಪತ್ತೈದು" ಎನ್ನುವವರು ಕೆಲಸದ ಜಾಗದಲ್ಲಿ ಮರಾಠಿಯ "ಪಂಚವೀಸ್" ಕೇಳುತ್ತಾರೆ. ಅಲ್ಲಿ ಐದು ಮೊದಲು ಬರುತ್ತದೆ, ಕೈ 52 ಒತ್ತುತ್ತದೆ. "ಎರಡು, ಐದು" ಎಂದರೆ ಗೊಂದಲವಿಲ್ಲ.

ಬಿಡಿ ಅಂಕಿ ಹತ್ತಿದ ಮೇಲೆ ಎಣಿಸಿ ಗುರುತಿಸುವುದನ್ನು ಹೇಳಿಕೊಡಿ. ಅಕ್ಷರ ಓದಲು ಇನ್ನೂ ಬಾರದವರಿಗೂ ಇದು ದೊಡ್ಡ ಆಸರೆ. ಯುಪಿಐ ಪಿನ್ 4 ಅಥವಾ 6 ಅಂಕಿ, ಬ್ಯಾಂಕಿನ ಓಟಿಪಿ ಸಾಮಾನ್ಯವಾಗಿ 6, ಮೊಬೈಲ್ ನಂಬರ್ 10, ಆಧಾರ್ 12. ರೈಲಿನ ಪಿಎನ್‌ಆರ್ ಕೂಡ 10. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಯಾದಗಿರಿ ಟಿಕೆಟ್ ತೆಗೆಸಿದವರ ಹಳೆಯ ಎಸ್‌ಎಂಎಸ್ ಇದ್ದರೆ ಅದನ್ನೇ ಪಾಠಕ್ಕೆ ಬಳಸಿ, ಊರಿನ ರೈಲಿನ ಸಂದೇಶವನ್ನು ಎಲ್ಲರೂ ಮನಸ್ಸಿಟ್ಟು ಓದುತ್ತಾರೆ.

## ಹಂತ 4: ಮಾತು

ಬರೆಯಲು ಬರುವ ಮೊದಲೇ ಧ್ವನಿ ಸಂದೇಶ ಕಳಿಸಲು ಬರಬೇಕು. ವಾಟ್ಸ್ಆ್ಯಪ್‌ನಲ್ಲಿ ಮೈಕ್ ಗುರುತನ್ನು ಹಿಡಿದು ಮಾತಾಡಿ, ಬಿಟ್ಟರೆ ಹೋಗುತ್ತದೆ. ಇಷ್ಟು ದಿನ "ಮುಟ್ಟಿ ಬಿಡ್ರಿ" ಎಂದು ಕಲಿಸಿದ್ದೀರಿ, ಹಾಗಾಗಿ ಎಲ್ಲರೂ ಮುಟ್ಟಿ ಬಿಡುತ್ತಾರೆ, ಏನೂ ಹೋಗುವುದಿಲ್ಲ. ಹಿಡಿದಿರಬೇಕಾದ ಬಟನ್ ಇದೊಂದೇ ಎಂದು ಒತ್ತಿ ಹೇಳಿ. ಉದ್ದ ಮಾತಿದ್ದರೆ ಬೆರಳನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಹಿಡಿದಿರುವ ಕೆಲಸ ತಪ್ಪುತ್ತದೆ.

ಮನೆಯವರ ನಂಬರ್‌ಗಳಿಗೆ ಫೋಟೋ ಹಾಕಿಸಿ. ಹೆಸರು ಓದಲು ಬಾರದಿದ್ದರೂ ಮುಖ ಗುರುತು ಸಿಗುತ್ತದೆ.

## ಹಂತ 5: ಕನ್ನಡ ಟೈಪಿಂಗ್

ಇಲ್ಲಿ ಕನಿಷ್ಠ 3 ತರಗತಿ ಕೊಡಿ. ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ವಿನ್ಯಾಸ ಬೇಡ, ಕನ್ನಡ ಅಕ್ಷರಗಳೇ ಕಾಣುವ ವಿನ್ಯಾಸ ಆರಿಸಿ. ಅಕ್ಷರ ಕಲಿಯುತ್ತಿರುವವರಿಗೆ ಕೀಲಿಮಣೆಯೇ ಇನ್ನೊಂದು ಪಾಟಿಯಾಗುತ್ತದೆ.

ಒತ್ತಕ್ಷರವಿಲ್ಲದ ಊರಿನ ಹೆಸರುಗಳಿಂದ ಶುರು ಮಾಡಿ: ಕಲಬುರಗಿ, ಯಾದಗಿರಿ, ವಿಜಯಪುರ. ಇವುಗಳಲ್ಲಿ ಅಕ್ಷರ ಒತ್ತಿ ಅದರ ಬೆನ್ನಿಗೆ ಗುಣಿತದ ಚಿಹ್ನೆ ಒತ್ತಿದರೆ ಸಾಕು. ಬು ಬೇಕಿದ್ದರೆ ಬ, ಆಮೇಲೆ ಕೊಂಬು. ಕೊಂಬನ್ನು ಬಿಟ್ಟು ಇಡೀ ಪದ ಮುಗಿಸಿ, ಆಮೇಲೆ ಸೇರಿಸಲು ಹುಡುಕುವುದು ಇಲ್ಲಿನ ಮಾಮೂಲು ತಪ್ಪು.

ನಿಜವಾದ ಗೋಡೆ ಎದುರಾಗುವುದು ಒತ್ತಕ್ಷರದಲ್ಲಿ. ಕೈಬರಹದಲ್ಲಿ "ಅಕ್ಕ" ಬರೆಯುವಾಗ ಕ ಬರೆದು ಅದರ ಕೆಳಗೆ ಒತ್ತು ಕೊಡುತ್ತೇವೆ. ಕೀಲಿಮಣೆಯಲ್ಲಿ ಒತ್ತಿಗೆ ಬೇರೆ ಕೀಲಿ ಇಲ್ಲ. ಎರಡು ಅಕ್ಷರಗಳ ನಡುವೆ ಅರ್ಧಾಕ್ಷರದ ಚಿಹ್ನೆ ( ್ ) ಕೂರಬೇಕು:

- ಅಕ್ಕ: ಅ, ಕ, ್, ಕ
- ಅಮ್ಮ: ಅ, ಮ, ್, ಮ
- ಹುಬ್ಬಳ್ಳಿ: ಹ, ು, ಬ, ್, ಬ, ಳ, ್, ಳ, ಿ
- ಲಕ್ಷ್ಮೀ: ಲ, ಕ, ್, ಷ, ್, ಮ, ೀ

ಹುಬ್ಬಳ್ಳಿಯ ಕೊನೆ ನೋಡಿ. ಕೈಯಲ್ಲಿ "ಳಿ" ಬರೆದು ಆಮೇಲೆ ಒತ್ತು ಕೊಡುತ್ತೇವೆ. ಫೋನಿನಲ್ಲಿ ಒತ್ತು ಮುಗಿದ ಮೇಲೆ ಗುಡಿಸು. ಅಭ್ಯಾಸಬಲದಿಂದ ಗುಡಿಸು ಮೊದಲು ಹಾಕಿದರೆ ಅರ್ಧಾಕ್ಷರದ ಚಿಹ್ನೆ ಬೇರೆಯಾಗಿ ಬಿದ್ದು ಪದ ಒಡೆಯುತ್ತದೆ.

ಅರ್ಕಾವೊತ್ತು ಇನ್ನೂ ಕಷ್ಟ. "ಕರ್ನಾಟಕ" ಬರೆಯುವಾಗ ಕೈ ಮೊದಲು "ನಾ" ಬರೆದು ಆಮೇಲೆ ಅದರ ಪಕ್ಕ ರ್ ಗುರುತು ಹಾಕುತ್ತದೆ. ಫೋನ್ ಉಚ್ಚಾರದ ಕ್ರಮ ಕೇಳುತ್ತದೆ: ಕ, ರ, ್, ನ, ಾ, ಟ, ಕ. ಕಣ್ಣು ಮುಚ್ಚಿ ಬಾಯಲ್ಲಿ ನಿಧಾನವಾಗಿ ಹೇಳಿಸಿ. ಬಾಯಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಒತ್ತುವುದು. ಬರೆದ ಹಾಗೆ ಅಲ್ಲ, ನುಡಿದ ಹಾಗೆ: ಈ ಒಂದು ಸೂತ್ರ ಹತ್ತಿದರೆ ಉಳಿದ ಎಲ್ಲ ಒತ್ತಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೇಳಿ ಬರೆಸುವ ಮೈಕ್ ಇದೆಯಲ್ಲ ಎಂದು ಕೆಲವರು ಟೈಪಿಂಗ್ ಬಿಟ್ಟೇಬಿಡುತ್ತಾರೆ. ಮೈಕ್ ಕಲಿಸಿ, ಆದರೆ ಇದರ ಜಾಗದಲ್ಲಿ ಅಲ್ಲ. ಗದ್ದಲದ ಚಾಳಿನಲ್ಲಿ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ಎಷ್ಟೋ ಪದ ತಪ್ಪು ಕೇಳಿಸಿಕೊಳ್ಳುತ್ತದೆ. ಕೀಲಿಮಣೆ ಹಿಂದಿಯಲ್ಲಿದ್ದರಂತೂ ಹೇಳಿದ ಕನ್ನಡವನ್ನು ಹಿಂದಿಯೆಂದೇ ತಿಳಿದು ಏನೇನೋ ಬರೆಯುತ್ತದೆ. ಮೈಕ್ ಮುಟ್ಟುವ ಮೊದಲು ಸ್ಪೇಸ್ ಕೀಲಿಯ ಮೇಲೆ "ಕನ್ನಡ" ಎಂದಿದೆಯೇ ನೋಡುವುದು ರೂಢಿಯಾಗಲಿ. ಬರೆದದ್ದನ್ನು ಓದಿ ತಿದ್ದಲು ಅಕ್ಷರ ಬೇಕೇ ಬೇಕು. ಅಕ್ಷರವೇ ಬಾರದವರನ್ನು ಕೇಂದ್ರ ಸರ್ಕಾರದ ಉಲ್ಲಾಸ್ ಯೋಜನೆಯ ಸಾಕ್ಷರತಾ ಕಲಿಕೆಗೆ ಸೇರಿಸಬಹುದು, 15 ವರ್ಷ ಮೇಲ್ಪಟ್ಟ ಯಾರಿಗಾದರೂ ಅದು ತೆರೆದಿದೆ.

## ಹಂತ 6: ಹಣ

ಆರಂಭಿಸುವ ಮೊದಲು ಮೂರು ಪ್ರಶ್ನೆ. ಬ್ಯಾಂಕ್ ಖಾತೆಗೆ ಕೊಟ್ಟ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ? ಆ ಸಿಮ್ ಇದೇ ಫೋನಿನಲ್ಲಿದೆಯೇ? ಅದರಿಂದ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇದೆಯೇ? ಯುಪಿಐ ನೋಂದಣಿ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಆ್ಯಪ್ ಅವರ ಫೋನಿನಿಂದ ಒಂದು ಎಸ್‌ಎಂಎಸ್ ಹೊರಗೆ ಕಳಿಸಿ ನಂಬರ್ ಖಚಿತಪಡಿಸಿಕೊಳ್ಳುತ್ತದೆ. ವೈಫೈ ಇದ್ದರೂ ರೀಚಾರ್ಜ್ ಇಲ್ಲದಿದ್ದರೆ ಆ ಸಂದೇಶ ಹೋಗುವುದಿಲ್ಲ. ಎರಡು ಸಿಮ್ ಇದ್ದರೆ ಸರಿಯಾದದ್ದನ್ನೇ ಆರಿಸಬೇಕು. ಊರಿನ ಬ್ಯಾಂಕಿಗೆ ಕೊಟ್ಟ ಹಳೆಯ ನಂಬರ್ ಬಂದ್ ಆಗಿದ್ದರೆ ಬ್ಯಾಂಕಿನಲ್ಲಿ ನಂಬರ್ ಬದಲಿಸದೆ ಮುಂದೆ ದಾರಿಯಿಲ್ಲ, ತರಗತಿಯಲ್ಲಿ ಎಷ್ಟು ಹೆಣಗಿದರೂ ಅಷ್ಟೇ.

ಪಿನ್ ಇಡುವಾಗ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು, ವರ್ಷ ಬೇಕು. ಕಾರ್ಡ್ ಇಲ್ಲದವರಿಗೆ ಅನೇಕ ಬ್ಯಾಂಕ್‌ಗಳು ಆಧಾರ್ ಓಟಿಪಿಯಿಂದಲೂ ಪಿನ್ ಇಡಲು ಬಿಡುತ್ತವೆ. ಈ ಹೊತ್ತಿನಲ್ಲಿ ನೀವು ಮುಖ ತಿರುಗಿಸಿ ನಿಲ್ಲಿ. "ನೀನ ಹಾಕವ್ವಾ" ಎಂದು ಪಿನ್ ನಿಮಗೇ ಹೇಳಲು ಬರುತ್ತಾರೆ, ವಿಶ್ವಾಸದಿಂದಲೇ. ಕೇಳಿಸಿಕೊಳ್ಳಬೇಡಿ. ನಿಮಗೆ ಹೇಳಿದವರು ನಾಳೆ ಇನ್ನೊಬ್ಬರಿಗೂ ಹೇಳುತ್ತಾರೆ. ಫೋನಿನ ಕವರಿನೊಳಗೆ ಪಿನ್ ಬರೆದ ಚೀಟಿ ಇದೆಯೇ ಎಂದೂ ಕೇಳಿ, ಎಷ್ಟೋ ಸಲ ಇರುತ್ತದೆ.

ಅಭ್ಯಾಸ 1 ರೂಪಾಯಿಯದು. ಅಕ್ಕಪಕ್ಕ ಕೂತ ಇಬ್ಬರು ಒಬ್ಬರಿಗೊಬ್ಬರು ಕಳಿಸಿ, ವಾಪಸ್ ಕಳಿಸಲಿ. ಪಿನ್ ಒತ್ತುವ ಮೊದಲು ಜೋರಾಗಿ ಓದಬೇಕಾದದ್ದು: ಯಾರ ಹೆಸರು, ಎಷ್ಟು ರೂಪಾಯಿ, ಎಷ್ಟು ಸೊನ್ನೆ. 500ರ ಜಾಗದಲ್ಲಿ 5000 ಹೋಗುವುದು ಒಂದು ಸೊನ್ನೆಯಿಂದ.

"ಹಣ ಬರಲು ಪಿನ್ ಬೇಡ" ಎಂಬ ನಿಯಮ ಎಲ್ಲರೂ ಹೇಳಿಕೊಡುತ್ತಾರೆ, ಅದು ಸರಿ. ಆದರೆ ಬ್ಯಾಲೆನ್ಸ್ ನೋಡಲೂ ಪಿನ್ ಕೇಳುತ್ತದೆ. ಅದನ್ನು ನೋಡಿದವರು "ಪಿನ್ ಹಾಕಿದೆ, ಹಣ ಹೋಗಲಿಲ್ಲವಲ್ಲ" ಎಂದು ನಿಯಮವನ್ನೇ ಸಡಿಲ ಮಾಡಿಕೊಳ್ಳುತ್ತಾರೆ. ಆದ್ದರಿಂದ ಪಿನ್ ಕೇಳುವ ಪುಟದ ಮೇಲ್ಭಾಗ ನೋಡುವುದನ್ನು ಕಲಿಸಿ. ಅಲ್ಲಿ ರೂಪಾಯಿಯ ಮೊತ್ತ ಇದ್ದರೆ ಹಣ ಹೊರಗೆ ಹೋಗುತ್ತದೆ. ಗೃಹಲಕ್ಷ್ಮಿಯ 2000 ಬಂತೇ ಎಂದು ನೋಡಲು ಕಾಯುವವರಿಗೆ ಇದು ಬೇಗ ಹತ್ತುತ್ತದೆ.

ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ಕೂಡಲೇ ಎರಡನೇ ಸಲ ಕಳಿಸಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು. ದೂರಿಗೆ ಬೇಕಾಗುವುದು ಆ ವಹಿವಾಟಿನ 12 ಅಂಕಿಯ ಸಂಖ್ಯೆ. ಅದು ಆ್ಯಪ್‌ನ ಹಿಸ್ಟರಿಯಲ್ಲಿ ಎಲ್ಲಿರುತ್ತದೆ ಎಂದು ತೋರಿಸಿ.

ಕೀಪ್ಯಾಡ್ ಫೋನ್ ಇರುವವರನ್ನು ಹೊರಗಿಡಬೇಡಿ. *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೂ ಬ್ಯಾಲೆನ್ಸ್ ನೋಡಬಹುದು, 5000 ರೂಪಾಯಿವರೆಗೆ ಕಳಿಸಬಹುದು.

## ಹಂತ 7: ಫೋನ್ ಕತ್ತರಿಸುವ ಅಭ್ಯಾಸ

ಮೋಸದ ಬಗ್ಗೆ ಭಾಷಣ ಬೇಡ, ಅಭ್ಯಾಸ ಬೇಕು. ನಮ್ಮ ಜನ ಮೋಸ ಹೋಗುವುದು ಆಸೆಯಿಂದಲೇ ಅಲ್ಲ. ಗದರುವ ದನಿಯ "ಸಾಹೇಬ"ನ ಫೋನನ್ನು ನಡುವೆ ಕತ್ತರಿಸುವುದು ಅವರಿಗೆ ಮರ್ಯಾದೆಗೇಡಾಗಿ ತೋರುತ್ತದೆ. ಆ ಸಂಕೋಚ ಮುರಿಯಬೇಕು.

ಒಬ್ಬರು ಹೊರಗೆ ನಿಂತು ಹಿಂದಿಯಲ್ಲಿ ಫೋನ್ ಮಾಡಲಿ: ಖಾತೆ ಬಂದ್ ಆಗಿದೆ, ಓಟಿಪಿ ಹೇಳು. ಕಲಿಯುವವರು "ಬ್ಯಾಂಕಿಗೆ ನಾನೇ ಬರ್ತೀನಿ" ಎಂದು ಕೆಂಪು ಬಟನ್ ಒತ್ತಬೇಕು. ಎದುರಿನವರ ಮಾತು ಮುಗಿಯುವ ತನಕ ಕಾಯಬಾರದು. ಪ್ರತಿಯೊಬ್ಬರೂ ಹತ್ತು ಸಲ ಮಾಡಲಿ. ಆಮೇಲೆ ಬೇರೆ ಬೇರೆ ವೇಷ ಹಾಕಿ: ಪೊಲೀಸ್ ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಎನ್ನುವುದು (ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ), ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲು (ತೆರೆದರೆ ಫೋನಿನಲ್ಲಿ ಆ್ಯಪ್ ಆಗಿ ಕೂರುವಂಥದ್ದು), ಕೊರಿಯರ್‌ನವನು *21*ನಂಥ ಕೋಡ್ ಸೇರಿಸಿ ನಂಬರ್ ಒತ್ತಲು ಹೇಳುವುದು. ಕೊನೆಯದನ್ನು ಒತ್ತಿದರೆ ನಿಮಗೆ ಬರುವ ಕರೆಗಳು ಅವನಿಗೆ ಹೋಗತೊಡಗುತ್ತವೆ. ##002# ಒತ್ತಿದರೆ ಅದು ರದ್ದಾಗುತ್ತದೆ.

ಹಣ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಟೆಗಳು ಕಳೆದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತದೆ, ತಡೆಹಿಡಿಯುವುದು ಕಷ್ಟವಾಗುತ್ತದೆ. ಬ್ಯಾಂಕಿನ ಹೆಸರು, ಹೋದ ಹೊತ್ತು, ಮೊತ್ತ, ವಹಿವಾಟಿನ ಆ 12 ಅಂಕಿ ಕೈಯಲ್ಲಿರಲಿ. ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಡುವವರೇ ಹೆಚ್ಚು. ಮೋಸ ಹೋದವರನ್ನು ಬೈಯುವುದಿಲ್ಲ ಎಂದು ತರಗತಿಯ ಮೊದಲ ದಿನವೇ ಹೇಳಿಬಿಡಿ.

## ಪಾಠ ಹತ್ತುತ್ತಿಲ್ಲ ಎಂಬುದರ ಗುರುತು

ಕೇಳಿದ್ದಕ್ಕೆಲ್ಲ "ಹೂಂ, ತಿಳೀತು" ಎನ್ನುವುದು. ತೊಡಕು ಬಂದ ಕೂಡಲೇ ಫೋನ್ ನಿಮ್ಮ ಕೈಗೆ ಚಾಚುವುದು. ಮೊಮ್ಮಗನನ್ನು ಜೊತೆಗೆ ಕರೆತಂದು ಅವನಿಂದ ಒತ್ತಿಸುವುದು. ಹೆಜ್ಜೆಗಳನ್ನು ಬಾಯಿಪಾಠ ಮಾಡಿ, ಆ್ಯಪ್ ಅಪ್‌ಡೇಟ್ ಆಗಿ ಬಟನ್ ಜಾಗ ಬದಲಾದ ದಿನ ಕೈಕಟ್ಟಿ ಕೂರುವುದು.

ಹಿಂದಿನ ಪಾಠವನ್ನು ಯಾರ ನೆರವೂ ಇಲ್ಲದೆ ಮಾಡಿಸುವುದರಿಂದಲೇ ಪ್ರತಿ ತರಗತಿ ಶುರುವಾಗಲಿ, 10 ನಿಮಿಷ. ನಿಮ್ಮ ಕೈ ಬೆನ್ನ ಹಿಂದಿರಲಿ. ಆಗದಿದ್ದರೆ ಹೊಸ ಪಾಠ ಬೇಡ.

## ಊರಿಗೆ ಹೋಗಿ ಬಂದವರಿಗೆ

ಜಾತ್ರೆ, ಮದುವೆ, ಬಿತ್ತನೆ ಎಂದು ಎರಡು ಮೂರು ತಿಂಗಳು ಊರಿಗೆ ಹೋಗುವವರು ಹೋಗುವ ಮೊದಲು ರೀಚಾರ್ಜ್ ನೋಡಿಕೊಳ್ಳಲಿ. 90 ದಿನ ಬಳಸದ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲಾಗಬಹುದು. ಬ್ಯಾಂಕಿನ ಓಟಿಪಿಗಳೂ ಅವರಿಗೇ ಹೋಗುತ್ತವೆ. ಮರಳಿ ಬಂದವರನ್ನು ಹೊಸಬರ ಜೊತೆ ಮೊದಲ ಹಂತದಲ್ಲಿ ಕೂರಿಸಬೇಡಿ, ಅವಮಾನವೆನಿಸಿ ಬಿಟ್ಟುಹೋಗುತ್ತಾರೆ. ಬೆರಳು ಮರೆಯುವುದಿಲ್ಲ. ಮೂರನೆಯ ಹಂತದಿಂದ ಹಿಡಿಯಿರಿ, ಎರಡು ತರಗತಿಯಲ್ಲಿ ಉಳಿದವರ ಜೊತೆ ಸೇರಿಕೊಳ್ಳುತ್ತಾರೆ.